ರಾಯಚೂರಿನ ಬಿಸಿಲಲ್ಲಿ ಓವರ್‌ಕ್ಲಾಕ್ ಮಾಡೋರು ಮೊದಲು ಬೋರ್ಡು, ಕೂಲರ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟ ನಾನು ತಪ್ಪದೆ ಓದ್ತೀನಿ, ಆದ್ರೆ ವಾರ ವಾರ ಅದರಲ್ಲಿ ಬರೋದು ಹೊಸ ಮೊಬೈಲು, ಇಯರ್‌ಬಡ್ಸು, ವಾಚು ಇಷ್ಟೇ. ಮನೇಲೇ ಕಂಪ್ಯೂಟರ್ ಜೋಡಿಸ್ಕೊಳ್ಳೋ ಹುಡುಗ್ರು ಈಗ ರಾಯಚೂರು, ಸಿಂಧನೂರಿನಂಥ ಊರಲ್ಲೂ ಇದ್ದಾರೆ, ಅವರಿಗೆ ಕನ್ನಡದಲ್ಲಿ ಓದಿ ತಿಳ್ಕೊಳ್ಳೋಕೆ ಏನೂ ಸಿಗೋದಿಲ್ಲ, ಅಂಗಡಿಯವನು ಹೇಳಿದ್ದೇ ವೇದವಾಕ್ಯ ಆಗ್ತದೆ. ಅದಕ್ಕೇ ಓವರ್‌ಕ್ಲಾಕ್ ಮಾಡೋಕೆ ಹೋಗಿ, ಅಂದ್ರೆ ಪ್ರೊಸೆಸರನ್ನ ಕಂಪನಿ ಇಟ್ಟ ಸ್ಪೀಡಿಗಿಂತ ಹೆಚ್ಚು ಓಡಿಸೋಕೆ ಹೋಗಿ, ನಮ್ಮ ಮನೇಲಿ ಆದದ್ದನ್ನ ಬರೀತಿದ್ದೀನಿ, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಜಾಗ ಮಾಡಿಕೊಡಿ.

ನಾನು ಮದುವೆ ವಿಡಿಯೊ ಮಿಕ್ಸಿಂಗ್ ಮಾಡೋನು. ಹೋದ ವರ್ಷ ಏಪ್ರಿಲ್‌ನಲ್ಲಿ, ಮದುವೆ ಸೀಸನ್ ನಡು ಮಧ್ಯದಲ್ಲೇ, ಹಳೇ ಸಿಸ್ಟಂ ಕೈಕೊಡ್ತು. ಅಕ್ಕನ ಮಗ ಡಿಪ್ಲೊಮಾ ಓದ್ತಾನೆ, ಅವನು "ಮಾಮಾ, ಓವರ್‌ಕ್ಲಾಕ್ ಆಗೋ ಪ್ರೊಸೆಸರ್ರೇ ತರೋಣ, ರೆಂಡರ್ ಲಗೂನ ಮುಗೀತದ" ಅಂದ, ಸರಿ ಅಂತ ಇಂಟೆಲ್ ಕೋರ್ ಐ5-12600ಕೆ ತಗೊಳ್ಳೋದು ಅಂತ ಆಯ್ತು. ಅಂಗಡಿಯವನು ಅದರ ಜೊತೆಗೆ ಎಚ್610 ಚಿಪ್‌ಸೆಟ್ (ಬೋರ್ಡಿನ ಮುಖ್ಯ ನಿಯಂತ್ರಣ ಚಿಪ್ಪು) ಇರೋ ಮದರ್‌ಬೋರ್ಡು, ಬಣ್ಣ ಬಣ್ಣದ ಲೈಟ್ ಇರೋ ಒಂದು ಸಣ್ಣ ಕೂಲರು ಪ್ಯಾಕ್ ಮಾಡಿ "ಎಲ್ಲಾ ಮ್ಯಾಚ್ ಆಗ್ತದೆ ಸರ್" ಅಂತ ಕೊಟ್ಟ. ಸಾಕೆಟ್, ಅಂದ್ರೆ ಪ್ರೊಸೆಸರ್ ಕೂರೋ ಜಾಗ, ಮ್ಯಾಚ್ ಆಗೋದು ನಿಜಾನೇ. ಆದ್ರೆ ರಾತ್ರಿ ಎಲ್ಲಾ ಜೋಡಿಸಿ ಬಯೋಸ್ (ಬೋರ್ಡಿನೊಳಗಿನ ಸೆಟ್ಟಿಂಗ್ ಪ್ರೋಗ್ರಾಂ) ತೆಗೆದು ನೋಡಿದ ಹುಡುಗ "ಮಾಮಾ, ಇದ್ರಾಗ ರೇಶಿಯೊ ಏರ್ಸೋ ಆಪ್ಷನ್ನೇ ಇಲ್ಲ" ಅಂತ ಮುಖ ಸಣ್ಣದು ಮಾಡ್ಕೊಂಡು ಕೂತ. ರೇಶಿಯೊ ಅಂದ್ರೆ ಪ್ರೊಸೆಸರ್ ಸ್ಪೀಡನ್ನ ಏರಿಸೋ ಇಳಿಸೋ ಗುಣಕ. ಮಾರನೇ ದಿನ ಹೋದ್ರೆ ಬಾಕ್ಸ್ ಒಡೆದ ಮೇಲೆ ವಾಪಸ್ ಇಲ್ಲ ಅಂದ್ರು. ಕೆ ಅಕ್ಷರಕ್ಕೆ ಅಂತ ಕೊಟ್ಟ ಹೆಚ್ಚಿನ ದುಡ್ಡು ನೀರಲ್ಲಿ ಹಾಕಿದಂಗಾಯ್ತು.

ಇದು ಒಂದು ಸಾಲಲ್ಲಿ ಹೇಳಬಹುದಾದ ವಿಷಯ ಸ್ವಾಮಿ. ಇಂಟೆಲ್‌ನಲ್ಲಿ ಓವರ್‌ಕ್ಲಾಕ್ ಮಾಡ್ಬೇಕಂದ್ರೆ ಹೆಸರಿನ ಕೊನೇಲಿ ಕೆ ಅಥವಾ ಕೆಎಫ್ ಇರೋ ಪ್ರೊಸೆಸರ್ ಬೇಕು, ಜೊತೆಗೆ ಜೆಡ್ ಸಾಲಿನ ಬೋರ್ಡೂ ಬೇಕು, ಅಂದ್ರೆ 12ನೇ ಪೀಳಿಗೆಯ ಪ್ರೊಸೆಸರಿಗೆ ಜೆಡ್690 ಇಲ್ಲಾ ಜೆಡ್790. ಬಿ660, ಬಿ760ನಲ್ಲಿ ರ‍್ಯಾಮ್ ಸ್ಪೀಡ್ ಏರಿಸಬಹುದು, ಪ್ರೊಸೆಸರ್ ರೇಶಿಯೊ ಏರಿಸೋಕಾಗಲ್ಲ, ಎಚ್610ನಲ್ಲಿ ಎರಡೂ ಇಲ್ಲ. ಎಎಂಡಿ ಈ ವಿಷಯದಲ್ಲಿ ಸ್ವಲ್ಪ ಉದಾರಿ, ಅದರ ರೈಜನ್ ಪ್ರೊಸೆಸರುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಓಪನ್ ಇರ್ತವೆ, ಅಂದ್ರೆ ಸ್ಪೀಡ್ ಏರಿಸೋಕೆ ಬಿಡ್ತವೆ (5800ಎಕ್ಸ್3ಡಿ ಥರದ್ದು ಬಿಟ್ಟು), ಬೋರ್ಡು ಬಿ450, ಬಿ550, ಬಿ650 ಆದ್ರೂ ನಡೀತದೆ, ಆದ್ರೆ ಎ320, ಎ520, ಎ620 ತಗೊಂಡ್ರೆ ಅಲ್ಲೂ ನಮ್ಮದೇ ಕತೆ. ಕಡಿಮೆ ಬಜೆಟ್ಟಲ್ಲಿ ಓವರ್‌ಕ್ಲಾಕ್ ಕಲೀಬೇಕು ಅನ್ನೋ ಹುಡುಗ್ರಿಗೆ ನಾನಂತೂ ರೈಜನ್ 5 5600, ಬಿ550 ಬೋರ್ಡು ಅಂತಲೇ ಹೇಳೋದು.

ಅಷ್ಟಕ್ಕೇ ಮುಗೀಲಿಲ್ಲ. ಓವರ್‌ಕ್ಲಾಕ್ ಹೋಗ್ಲಿ, ಡೀಫಾಲ್ಟ್‌ನಲ್ಲೇ ರೆಂಡರ್ ಹಾಕಿದ್ರೆ ಹತ್ತು ನಿಮಿಷಕ್ಕೆಲ್ಲ ಸ್ಪೀಡು ಇಳಿದುಹೋಗೋದು. ನಾವು ಪ್ರೊಸೆಸರೇ ಕೆಟ್ಟಿದೆ ಅಂದ್ಕೊಂಡ್ವಿ. ಆಮೇಲೆ ಬೆರಳಿಟ್ಟು ನೋಡಿದಾಗ ಸಾಕೆಟ್ ಪಕ್ಕದ ಭಾಗ ಮುಟ್ಟೋಕಾಗದಷ್ಟು ಕಾದಿತ್ತು, ಅದರ ಮೇಲೆ ಬಿಸಿ ಹೀರ್ಕೊಳ್ಳೋ ಲೋಹದ ಹೀಟ್‌ಸಿಂಕ್ ಒಂದು ತುಂಡೂ ಇರಲಿಲ್ಲ. ಅದೇ ವಿಆರ್‌ಎಂ. ಪವರ್ ಸಪ್ಲೈಯಿಂದ ಬರೋ 12 ವೋಲ್ಟ್‌ನ ಇಳಿಸಿ ಪ್ರೊಸೆಸರಿಗೆ ಸುಮಾರು 1.2 ವೋಲ್ಟ್ ಮಾಡಿ ಕೊಡೋದು ಅದರ ಕೆಲಸ. 12600ಕೆ ಫುಲ್ ಲೋಡಲ್ಲಿ 150 ವ್ಯಾಟ್ ತನಕ ಎಳೀತದೆ, 1.25 ವೋಲ್ಟಲ್ಲಿ 150 ವ್ಯಾಟ್ ಅಂದ್ರೆ 120 ಆಂಪಿಯರ್. ಮನೇಲಿರೋ 2000 ವ್ಯಾಟಿನ ಗೀಸರ್ ಎಳೆಯೋದು 9 ಆಂಪಿಯರ್ ಒಳಗೆ, ಅದಕ್ಕೇ ನಾವು ದಪ್ಪ ವೈರು, ಬೇರೆ ಸ್ವಿಚ್ಚು ಅಂತ ಎಷ್ಟು ಹುಷಾರಾಗಿರ್ತೀವಿ. ಇಲ್ಲಿ 120 ಆಂಪಿಯರ್ ಅಂಗೈ ಅಗಲದ ಜಾಗದಲ್ಲಿ ಹರೀತಿದೆ, ನೂರಕ್ಕೆ ಹತ್ತು ಭಾಗ ವೇಸ್ಟ್ ಆದ್ರೂ 15 ವ್ಯಾಟಿಗಿಂತ ಹೆಚ್ಚು ಬಿಸಿ ಅಲ್ಲೇ ಹುಟ್ತದೆ, ಅದನ್ನ ಎಳೆದು ಹೊರಹಾಕೋಕೆ ಅಲ್ಯೂಮಿನಿಯಂ ತುಂಡೂ ಇಲ್ಲ ಅಂದ್ರೆ ಬೋರ್ಡು ತನ್ನ ಜೀವ ಉಳಿಸ್ಕೊಳ್ಳೋಕೆ ಸ್ಪೀಡ್ ಇಳಿಸದೆ ಏನು ಮಾಡ್ತದೆ. ಹಾಗಾಗಿ ಬೋರ್ಡು ನೋಡುವಾಗ ಲೈಟು ನೋಡಬೇಡಿ, ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ದಪ್ಪ ಹೀಟ್‌ಸಿಂಕ್ ಇದೆಯಾ ನೋಡಿ. 12 ಫೇಸ್, 14 ಫೇಸ್ (ವಿಆರ್‌ಎಂನ ಕೆಲಸ ಹಂಚ್ಕೊಳ್ಳೋ ಭಾಗಗಳು) ಅಂತ ಬಾಕ್ಸ್ ಮೇಲೆ ಬರೆದಿದ್ದೊಂದೇ ಸಾಲದು, ಒಂದೊಂದು ಫೇಸಿನ ಸ್ಟೇಜು ಎಷ್ಟು ಆಂಪಿಯರಿಂದು ಅಂತ ಕಂಪನಿ ಸೈಟಲ್ಲಿ ಹುಡುಕಿ, 50 ಆಂಪಿಯರಿಂದಕ್ಕೂ 90 ಆಂಪಿಯರಿಂದಕ್ಕೂ ಬಹಳ ವ್ಯತ್ಯಾಸ ಇರ್ತದೆ.

ಇನ್ನು ಕೂಲರ್ ವಿಷಯ, ನಮ್ಮ ಕಡೆಯವರು ಎಡವೋದೇ ಇಲ್ಲಿ. ಹುಡುಗ್ರು ಯೂಟ್ಯೂಬಲ್ಲಿ ಹೊರದೇಶದವರ ಟೆಸ್ಟ್ ನೋಡಿ ಕೂಲರ್ ಆರಿಸ್ತಾರೆ, ಅವರು ಟೆಸ್ಟ್ ಮಾಡೋ ರೂಮು 21, 22 ಡಿಗ್ರಿ, ಜಾಸ್ತಿ ಅಂದ್ರೆ 25 ಡಿಗ್ರಿ. ಫ್ಯಾನ್ ಕೂಲರಾಗ್ಲಿ ಲಿಕ್ವಿಡ್ ಕೂಲರಾಗ್ಲಿ ಪ್ರೊಸೆಸರನ್ನ ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕೆ ಸಾಧ್ಯ ಇಲ್ಲ, ಅದು ರೂಮಿನ ಬಿಸಿ ಮೇಲೆ ಇಷ್ಟು ಡಿಗ್ರಿ ಅಂತಲೇ ಲೆಕ್ಕ. ಅಲ್ಲಿ 25 ಡಿಗ್ರಿ ರೂಮಲ್ಲಿ 80 ತೋರಿಸೋ ಕೂಲರು ಮೇ ತಿಂಗಳಲ್ಲಿ ನಮ್ಮ 40 ಡಿಗ್ರಿ ರೂಮಲ್ಲಿ 95 ತೋರಿಸ್ತದೆ, 12600ಕೆ 100 ಡಿಗ್ರಿಗೆ ತಾನೇ ಸ್ಪೀಡ್ ಇಳಿಸ್ತದೆ, ಓವರ್‌ಕ್ಲಾಕ್‌ಗೆ ಉಳಿದದ್ದು 5 ಡಿಗ್ರಿ ಅಷ್ಟೇ. ಎಸಿ ಇಲ್ಲದ ಮನೆಯವರು ಬೇರೆಯವರ ಟೆಸ್ಟ್ ನೋಡಿದ್ರೆ ಅದಕ್ಕೆ 15 ಕೂಡಿಸ್ಕೊಂಡು ಓದ್ಬೇಕು.

ವೋಲ್ಟೇಜ್ ಏರಿಸಿದ್ರೆ ಬಿಸಿ ಎಷ್ಟು ಏರ್ತದೆ ಅನ್ನೋದೂ ಹುಡುಗ್ರಿಗೆ ಗೊತ್ತಿಲ್ಲ. ಬಿಸಿ ಅನ್ನೋದು ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಏರ್ತದೆ, ಸ್ಪೀಡಿಗೆ ತಕ್ಕಂತೆ ಇನ್ನಷ್ಟು. 1.2 ವೋಲ್ಟಲ್ಲಿ 4.5 ಗಿಗಾಹರ್ಟ್ಸ್ ಓಡ್ತಿರೋದನ್ನ 1.3 ವೋಲ್ಟ್ ಕೊಟ್ಟು 4.9ಕ್ಕೆ ತಂದ್ರೆ ಸಿಕ್ಕ ಸ್ಪೀಡು ನೂರಕ್ಕೆ 9, ಏರಿದ ಬಿಸಿ ನೂರಕ್ಕೆ 28. ಈ ಲೆಕ್ಕ ಗೊತ್ತಿದ್ದಿದ್ರೆ ನಾವು ಆ ಸಣ್ಣ ಕೂಲರನ್ನ ಮುಟ್ತಾನೇ ಇರಲಿಲ್ಲ. ನಾಲ್ಕು ಹೀಟ್‌ಪೈಪಿನ (ಬಿಸಿ ಸಾಗಿಸೋ ಕೊಳವೆ), 120 ಮಿ.ಮೀ. ಫ್ಯಾನಿನ ಟವರ್ ಕೂಲರು ರೈಜನ್ 5600ಗೆ ಧಾರಾಳ ಸಾಕು, 12600ಕೆ ಥರದ್ದಕ್ಕೆ ಎರಡು ಟವರಿಂದು ಬೇಕು. ಲಿಕ್ವಿಡ್ ಬೇಡ ಅಂತ ನಾನು ಹೇಳೋದಿಲ್ಲ, ಆದ್ರೆ ಅದರಲ್ಲಿ ಪಂಪು ಅಂತ ಇನ್ನೊಂದು ಕೆಡೋ ವಸ್ತು ಇರ್ತದೆ, ಇಂಥ ಊರಲ್ಲಿ ಕೆಟ್ರೆ ಬದಲಿ ಬರೋ ತನಕ ಕೆಲಸ ನಿಲ್ತದೆ, ಮತ್ತೆ ಟವರ್ ಕೂಲರ್ ಆದ್ರೆ ಅದರ ಗಾಳಿ ಪಕ್ಕದ ವಿಆರ್‌ಎಂಗೂ ಸ್ವಲ್ಪ ತಾಕ್ತದೆ, ಲಿಕ್ವಿಡ್‌ನಲ್ಲಿ ಸಾಮಾನ್ಯವಾಗಿ ಅದು ಇಲ್ಲ.

ಕೊಳ್ಳೋ ಮೊದಲು ಟೇಪ್ ಹಿಡಿದು ಕ್ಯಾಬಿನೆಟ್ ಅಳೀರಿ. ನಾಕ್ಟುವಾ ಎನ್‌ಎಚ್-ಡಿ15 ಎತ್ತರ 165 ಮಿ.ಮೀ., ಡೀಪ್‌ಕೂಲ್ ಎಕೆ400 155 ಮಿ.ಮೀ., ಸಣ್ಣ ಕ್ಯಾಬಿನೆಟ್ಟಲ್ಲಿ ಸೈಡ್ ಬಾಗಿಲೇ ಮುಚ್ಚೋದಿಲ್ಲ. ಹಳೇ ಸಿಸ್ಟಮ್ಮಿನ ಕೂಲರ್ ಇದೆ ಅಂತ ಖುಷಿಪಡೋರೂ ಹುಷಾರು, 12600ಕೆ ಕೂರೋ ಎಲ್‌ಜಿಎ1700 ಸಾಕೆಟ್ಟಿನ ಬೋರ್ಡಲ್ಲಿ ಕೂಲರ್ ಕೂರಿಸೋ ತೂತುಗಳ ಅಂತರ 75 ಮಿ.ಮೀ. ಇದ್ದದ್ದು 78 ಆಗಿದೆ, ಹೊಸ ಬ್ರಾಕೆಟ್ ತರಿಸ್ಕೊಳ್ಳಬೇಕು.

ಕೊನೆಗೆ ನಾವು ಏನು ಮಾಡಿದ್ವಿ ಅಂದ್ರೆ ಆ ಎಚ್610 ಬೋರ್ಡನ್ನ ಡಿಟಿಪಿ ಮಾಡೋ ಗೆಳೆಯನಿಗೆ ಅರ್ಧ ರೇಟಿಗೆ ಕೊಟ್ವಿ, ಅವನ ಐ3-12100ಗೆ ಅದು ಚೆನ್ನಾಗೇ ಓಡ್ತಿದೆ, ಬೋರ್ಡು ಕೆಟ್ಟದ್ದಲ್ಲ, ನಮಗೆ ಕೊಟ್ಟದ್ದು ತಪ್ಪು. ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಿ ಜೆಡ್690 ಬೋರ್ಡು, ಎರಡು ಟವರಿನ ಕೂಲರು ತಂದ್ವಿ. ಬಯೋಸ್ ಅಪ್‌ಡೇಟನ್ನ ಯುಪಿಎಸ್ ಹಾಕಿಯೇ ಮಾಡಿದ್ವಿ, ನಡುವೆ ಕರೆಂಟ್ ಹೋದ್ರೆ ಬೋರ್ಡೇ ಎದ್ದೇಳದೆ ಹೋಗಬಹುದು. ಬಯೋಸ್ ಹಳೇದೇ ಇರ್ಲಿ ಬಿಡು ಅನ್ನೋರಿಗೆ ಒಂದು ಮಾತು, 2024ರಲ್ಲಿ ಇಂಟೆಲ್‌ನ 13, 14ನೇ ಪೀಳಿಗೆಯ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿಂದ ಹಾಳಾಗ್ತಿವೆ ಅಂತ ಕಂಪನಿಯೇ ಒಪ್ಪಿ ಆಗಸ್ಟಲ್ಲಿ ಹೊಸ ಮೈಕ್ರೊಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ) ಕೊಡ್ತು, ವಾರಂಟಿ ಎರಡು ವರ್ಷ ಹೆಚ್ಚಿಸ್ತು, ಆ ಮೈಕ್ರೊಕೋಡ್ ನಮಗೆ ಸಿಗೋದು ಮುಖ್ಯವಾಗಿ ಬಯೋಸ್ ಮೂಲಕ. ಓವರ್‌ಕ್ಲಾಕ್ ಮಾಡಿ ಸುಟ್ರೆ ಮಾತ್ರ ಮಾಮೂಲಿ ವಾರಂಟಿ ಕೈ ಹಿಡಿಯಲ್ಲ, ಇದನ್ನೂ ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ.

ನನ್ನ ಬೇಡಿಕೆ ಎರಡೇ. ಅಂಗಡಿಯವರು ಕೆ ಪ್ರೊಸೆಸರಿಗೆ ಎಚ್ ಬೋರ್ಡು ಬಿಲ್ ಮಾಡೋ ಮೊದಲು "ಇದರಲ್ಲಿ ಓವರ್‌ಕ್ಲಾಕ್ ಆಗಲ್ಲ" ಅಂತ ಒಂದು ಮಾತು ಬಾಯಿಬಿಟ್ಟು ಹೇಳಲಿ, ಬಿಲ್ಲಲ್ಲೂ ಬರೀಲಿ. ನೀವು ಕಾಲೇಜು ಶುರುವಾಗೋ ಮುಂಚೆ, ಹುಡುಗ್ರು ಸಿಸ್ಟಂ ಕೊಳ್ಳೋ ಜೂನ್ ಹೊತ್ತಿಗೆ, ನಿಮ್ಮ ಪುಟದಲ್ಲಿ ಯಾವ ಪ್ರೊಸೆಸರಿಗೆ ಯಾವ ಚಿಪ್‌ಸೆಟ್ ಅಂತ ಒಂದು ಪಟ್ಟಿ ಕನ್ನಡದಲ್ಲಿ ಹಾಕಿ, ಬೇಕಾದ್ರೆ ಅಕ್ಕನ ಮಗನೇ ಕೂತು ಬರೆದು ಕಳಿಸ್ತಾನೆ. ಈಗ ಅವನು ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಸೇವ್ ಮಾಡಿಟ್ಟಿದ್ದಾನೆ, ಚಳಿಗಾಲಕ್ಕೆ 4.8 ಗಿಗಾಹರ್ಟ್ಸಿಂದು ಒಂದು, ಮಾರ್ಚಿಂದ ಮಳೆ ಬೀಳೋ ತನಕ ಡೀಫಾಲ್ಟಿಂದು ಒಂದು.

ಇಂತಿ ನಿಮ್ಮ ಓದುಗ,
ರಾಯಚೂರು