ಕೇಸ್ ಶೀಟಿನ ತೂಕದ ಕಾಲಂ ಕಣ್ಣಂದಾಜಿನಲ್ಲಿ ತುಂಬುವುದು ನಿಲ್ಲಲಿ

ಮಾನ್ಯರೇ,

ಸೆಪ್ಟೆಂಬರ್ ಬಂತೆಂದರೆ ಪೋಷಣ ಮಾಸದ ಹೆಸರಿನಲ್ಲಿ ನಮ್ಮ ರಾಯಚೂರು ಜಿಲ್ಲೆಯ ಅಂಗನವಾಡಿಗಳಲ್ಲೂ ಮಕ್ಕಳನ್ನು ತೂಗುತ್ತಾರೆ, ತೋಳಿಗೆ ಪಟ್ಟಿ ಸುತ್ತಿ ನೋಡುತ್ತಾರೆ; ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಆ ಮಗುವಿಗೆ ತೀವ್ರ ಅಪೌಷ್ಟಿಕತೆ ಇದೆಯೆಂದು ಗುರುತಿಸುತ್ತಾರೆ. ಆದರೆ ತೀವ್ರ ಕಾಯಿಲೆಯಿಂದ ಆಸ್ಪತ್ರೆ ಸೇರಿದ ದೊಡ್ಡವರ ತೋಳನ್ನು ಅಳೆಯುವವರಿಲ್ಲ. ಮೂವತ್ತು ವರ್ಷ ಶುಶ್ರೂಷಕಿಯಾಗಿ ದುಡಿದ ನಾನೂ ಈ ಲೋಪದಲ್ಲಿ ಪಾಲುಗಾರಳೇ ಆಗಿದ್ದೇನೆ.

ನನ್ನ ಅಕ್ಕನ ಗಂಡ ನ್ಯುಮೋನಿಯಾದಿಂದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕ ಸೇರಿದಾಗ ಕೇಸ್ ಶೀಟಿನಲ್ಲಿ ತೂಕ 55 ಕೆ.ಜಿ. ಎಂದು ಬರೆಯಲಾಗಿತ್ತು. ತೂಗಿರಲಿಲ್ಲ, ನೋಡಿ ಬರೆದದ್ದು. ಮೈ ಒರೆಸುವಾಗ ಅವರ ಉಡದಾರ ನನ್ನ ಕಣ್ಣಿಗೆ ಬಿತ್ತು. ಸಡಿಲವಾಯಿತೆಂದು ಅವರೇ ಎರಡು ಹೊಸ ಗಂಟು ಹಾಕಿಕೊಂಡಿದ್ದರು, ಆದರೂ ಅದು ಸೊಂಟದಿಂದ ಜಾರುತ್ತಿತ್ತು. ಎರಡು ತಿಂಗಳಿಂದ ಅರ್ಧ ರೊಟ್ಟಿ ತಿಂದು ಏಳುತ್ತಿದ್ದರೆಂದು ಅಕ್ಕ ಹೇಳಿದಳು. ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಸೋಂಕು ಇಳಿಯಿತು, ಭಾವ ಏಳಲಿಲ್ಲ. ಊಟ ಸರಿಯಾಗಿ ಕೊಟ್ಟಿದ್ದರೆ ಬದುಕುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಅವರು ಎಂಥ ಅಪಾಯದಲ್ಲಿದ್ದಾರೆ ಎಂಬುದು ಮೊದಲ ದಿನವೇ ತಿಳಿಯಬಹುದಿತ್ತು.

ಇದು ಹೊಸ ವಿಚಾರವೇನಲ್ಲ. 1936ರಲ್ಲೇ ಅಮೆರಿಕದ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ, ಹೊಟ್ಟೆಹುಣ್ಣಿನ ಶಸ್ತ್ರಚಿಕಿತ್ಸೆಗೆ ಮುನ್ನ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂವರಿಗೊಬ್ಬರು ತೀರಿಕೊಂಡರೆಂದೂ ಉಳಿದವರಲ್ಲಿ ಸಾವು ಶೇ 3.5 ಮಾತ್ರವೆಂದೂ ದಾಖಲಿಸಿದ್ದರು. ತೀವ್ರ ನಿಗಾ ಘಟಕದ ರೋಗಿಗಳ ತೊಡೆಯ ಸ್ನಾಯು ಹತ್ತೇ ದಿನಗಳಲ್ಲಿ ಸುಮಾರು ಶೇ 18ರಷ್ಟು ಕರಗುತ್ತದೆಂದು 2013ರ ಅಧ್ಯಯನವೊಂದು ತೋರಿಸಿತು. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ವಪೆಯೂ ಸ್ನಾಯುವೇ, ಕಫ ಕೆಮ್ಮಿ ಹೊರಹಾಕಲು ಬೇಕಾದದ್ದೂ ಸ್ನಾಯುಬಲವೇ. ಬರುವಾಗಲೇ ಬಡಕಲಾಗಿದ್ದ ದೇಹಕ್ಕೆ ಕರಗಿಸಲು ಉಳಿದಿರುವುದೇನು?

ನಮ್ಮ ಭಾಗದಲ್ಲಿ ಸಲೈನ್ ಹಚ್ಚಿದರೆ ಶಕ್ತಿ ಬರುತ್ತದೆಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಬರೀ ಉಪ್ಪುನೀರಿನ ಸಲೈನಿನಲ್ಲಿ ಒಂದು ಕ್ಯಾಲರಿಯೂ ಇಲ್ಲ. ಶೇ 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದು ಒಂದು ಜೋಳದ ರೊಟ್ಟಿಗೂ ಸಮನಲ್ಲ, ಪ್ರೋಟೀನ್ ಅಂತೂ ಸೊನ್ನೆ. ಕರುಳು ಕೆಲಸ ಮಾಡುತ್ತಿದ್ದು ರಕ್ತದೊತ್ತಡ ಸ್ಥಿರವಾಗಿದ್ದರೆ 24ರಿಂದ 48 ಗಂಟೆಗಳೊಳಗೆ ಬಾಯಿಂದಲೋ ಮೂಗಿನ ನಳಿಕೆಯಿಂದಲೋ ಆಹಾರ ಆರಂಭಿಸಬೇಕೆಂಬುದು ಇಂದು ಒಪ್ಪಿತ ಕ್ರಮ.

ಹಾಗೆಂದು ಸಿಕ್ಕಷ್ಟು ಸುರಿಯುವುದೂ ತಪ್ಪು. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಸಂಚಕಾರ ಬರಬಹುದು. ಕೇವಲ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ವರದಿ ನೋಡಿ ಪೋಷಣೆಯನ್ನು ನಿರ್ಧರಿಸುವುದೂ ಸಲ್ಲದು, ಏಕೆಂದರೆ ಸೋಂಕು, ಉರಿಯೂತಗಳಿಂದಲೂ ಅದು ಇಳಿಯುತ್ತದೆ. ಆದ್ದರಿಂದಲೇ ರೋಗಿ ಎಷ್ಟು ಸೊರಗಿದ್ದಾನೆಂಬ ಲೆಕ್ಕ ಮೊದಲು ಸಿಗಬೇಕು.

ಕ್ಷಯರೋಗದಲ್ಲಿ ಇದು ಇನ್ನೂ ಸ್ಪಷ್ಟ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ 2,800 ರೋಗಿಗಳಿಗೆ ಔಷಧದೊಂದಿಗೆ ಆಹಾರದ ಕಿಟ್ ಕೊಟ್ಟು ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಹೆಚ್ಚಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ಕ್ಷಯರೋಗಿಗಳ ಆಹಾರಕ್ಕೆಂದು ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ ಯೋಜನೆಯ ಮಾಸಿಕ ನೆರವು 2024ರ ನವೆಂಬರ್‌ನಿಂದ 500ರಿಂದ 1,000 ರೂಪಾಯಿಗೆ ಏರಿರುವುದು ಸ್ವಾಗತಾರ್ಹ. ಆದರೆ ತೂಕವನ್ನೇ ನೋಡದಿದ್ದರೆ ಆ ಹಣ ಮೈಗೆ ಹತ್ತಿತೋ ಇಲ್ಲವೋ ಹೇಗೆ ತಿಳಿಯಬೇಕು?

ರಾಯಚೂರು, ಕೊಪ್ಪಳ, ಬಳ್ಳಾರಿಯ ಬೋಧಕ ಆಸ್ಪತ್ರೆಗಳಲ್ಲೂ ತಾಲ್ಲೂಕು ಆಸ್ಪತ್ರೆಗಳಲ್ಲೂ ದಾಖಲಾದ ದಿನವೇ ರೋಗಿಯನ್ನು ತೂಗುವುದನ್ನು ಆರೋಗ್ಯ ಇಲಾಖೆ ಕಡ್ಡಾಯಗೊಳಿಸಬೇಕು. ನಿಲ್ಲಲಾಗದವರ ತೋಳಿನ ಸುತ್ತಳತೆ ಅಳೆಯಲಿ. ವಯಸ್ಕರಲ್ಲಿ ಅದು 23.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಎಚ್ಚರ ವಹಿಸಬೇಕು. ಮೂರು ತಿಂಗಳಲ್ಲಿ ತೂಕ ಇಳಿದಿದೆಯೇ, ಕಳೆದ ವಾರ ಊಟ ಕಡಿಮೆಯಾಗಿತ್ತೇ ಎಂಬ ಎರಡು ಪ್ರಶ್ನೆಗಳನ್ನು ಜೊತೆಗೆ ಬಂದವರಿಗೆ ಕೇಳಿ ಬರೆದುಕೊಳ್ಳಲಿ. ಉತ್ತರ ಹೌದೆಂದಾದರೆ ಆಹಾರ ತಜ್ಞರು ಅದೇ ದಿನ ಆ ಹಾಸಿಗೆಯ ಬಳಿಗೆ ಬರಬೇಕು. ಆ ಹುದ್ದೆ ಖಾಲಿ ಇರುವಲ್ಲಿ ಬೇಗ ತುಂಬಬೇಕು. ರೋಗಿಯ ಕಡೆಯವರಲ್ಲೂ ಒಂದು ವಿನಂತಿ: ಯಾರೂ ಕೇಳದಿದ್ದರೂ, ಅವರು ಎಷ್ಟು ದಿನಗಳಿಂದ ಸರಿಯಾಗಿ ಉಂಡಿಲ್ಲ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ.

– ನಿವೃತ್ತ ಶುಶ್ರೂಷಾಧಿಕಾರಿ, ಲಿಂಗಸುಗೂರು, ರಾಯಚೂರು ಜಿಲ್ಲೆ