ಹೊರದೇಶದಲ್ಲಿ ಪಿಜಿ: ಅರ್ಜಿ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ಪಿಜಿಗೆ, ಅಂದರೆ ಸ್ನಾತಕೋತ್ತರ ಓದಿಗೆ, ಹೊರದೇಶಕ್ಕೆ ಹೋಗಬೇಕು, ಆದರೆ ಭಾಷೆ, ನಡೆನುಡಿ ನಮ್ಮದಕ್ಕೆ ಹತ್ತಿರವಿರುವ ದೇಶವೇ ಬೇಕು ಎನ್ನುವವರು ಈ ಗುಂಪಿನಲ್ಲಿ ಜಾಸ್ತಿ. ಯೋಚನೆ ಒಳ್ಳೆಯದೇ. ಒಂಟಿತನ ಅಷ್ಟಾಗಿ ಕಾಡುವುದಿಲ್ಲ. ಆದರೆ ಬೀದಿ ಪರಿಚಿತ ಅನ್ನಿಸಿದ ಮಾತ್ರಕ್ಕೆ ಕ್ಲಾಸ್‌ರೂಮೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಮೇಷ್ಟ್ರನ್ನು ಪ್ರಶ್ನಿಸುವ ರೀತಿ, ಅಂಕ ಕೊಡುವ ಲೆಕ್ಕ ಎಲ್ಲ ಬೇರೆ ಇರಬಹುದು. ಅಲ್ಲಿನ ಭಾಷೆಯಲ್ಲಿ ಹರಟೆ ಹೊಡೆಯುವುದು ಸುಲಭ, ಥೀಸಿಸ್ ಬರೆಯುವುದು ಬೇರೆಯೇ ಕೆಲಸ!

ಮೊದಲು ಡಿಗ್ರಿಯ ಮಾನ್ಯತೆ ನೋಡಿ. ಮುಂದೆ ಕೆಲಸ ಮಾಡುವ ದೇಶದಲ್ಲಿ ಅದು ನಡೆಯುತ್ತದಾ? ವೈದ್ಯಕೀಯ, ಕಾನೂನು, ಶಿಕ್ಷಕ ವೃತ್ತಿಯವರಿಗಂತೂ ಇದೇ ದೊಡ್ಡ ತಲೆನೋವು, ಲೈಸೆನ್ಸ್ ಬೇರೆ ಬೇಕಾಗಬಹುದು. ನಿಮ್ಮದು 3 ವರ್ಷದ ಪದವಿಯಾಗಿದ್ದರೆ, ಕೆಲವು ಕಡೆ 4 ವರ್ಷದ್ದೇ ಕೇಳುತ್ತಾರೆ. ಫೀಸ್ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ದಾಖಲೆಗಳ ವಿಷಯ. ದಾಖಲೆ ಕೊಟ್ಟ ದೇಶ, ನೀವು ಓದಲು ಹೋಗುವ ದೇಶ ಎರಡೂ 1961ರ ಹೇಗ್ ಒಪ್ಪಂದದಲ್ಲಿದ್ದರೆ ಸಾಮಾನ್ಯವಾಗಿ ಅಪೊಸ್ಟಿಲ್ ಮುದ್ರೆ (ದಾಖಲೆಯ ಸಹಿ, ಮೊಹರು ಅಸಲಿ ಎಂದು ಸರ್ಕಾರ ದೃಢಪಡಿಸುವ ಮುದ್ರೆ) ಸಾಕು. ಇಲ್ಲದಿದ್ದರೆ ರಾಯಭಾರ ಕಚೇರಿಗೆ ಅಲೆದಾಟ. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಅಂಕ 2 ವರ್ಷ ಮಾತ್ರ ನಡೆಯುತ್ತದೆ, ತುಂಬಾ ಮೊದಲೇ ಬರೆದು ಕೂರಬೇಡಿ.

ರಿಸರ್ಚ್ ಕೋರ್ಸ್ ಆದರೆ ದೇಶಕ್ಕಿಂತ ಗೈಡ್ ಮುಖ್ಯ ಎಂಬುದು ನನ್ನ ಅನಿಸಿಕೆ. ಅವರ ಈಗಿನ ವಿದ್ಯಾರ್ಥಿಗಳ ಜೊತೆ ಒಮ್ಮೆ ಮಾತಾಡಿ. ನಿಮ್ಮ ಕೋರ್ಸ್, ದೇಶ, ಕೊನೆ ದಿನಾಂಕ ಇಲ್ಲೇ ಹಾಕಿ. ನಿಮ್ಮ ಪಾಸ್‌ಪೋರ್ಟ್‌ನ ಫೋಟೋ ಮಾತ್ರ ದಯವಿಟ್ಟು ಬೇಡ.