ಒಂಬತ್ತಕ್ಕೆ ಸಂಜೆಯಾಗುವ ಊರಲ್ಲಿ ಯಾವ ರಾಗ?

ಲಂಡನ್
ಏಪ್ರಿಲ್ ಕೊನೆಯ ವಾರ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ಜೂನ್ ಮೂರನೇ ವಾರದ ಇಲ್ಲಿನ ಹಾಡಿನ ಕಛೇರಿಯನ್ನು ಮಾರವಾದಿಂದ ಶುರು ಮಾಡಲೋ ಯಮನ್‌ನಿಂದಲೋ ಎಂದು ಕೇಳಿದ್ದೀ. ಎರಡೂ ಬೇಡ. ನಮ್ಮ ಹಿಂದೂಸ್ತಾನಿಯಲ್ಲಿ ಒಂದೊಂದು ರಾಗಕ್ಕೂ ಒಂದೊಂದು ಹೊತ್ತು, ಮಾರವಾ ಸೂರ್ಯ ಮುಳುಗುವಾಗಿನದು, ಯಮನ್ ಅದರ ನಂತರದ್ದು. ಕಛೇರಿ ಸಂಜೆ ಏಳಕ್ಕೆ ಎಂದ ಕೂಡಲೇ ನಿನ್ನ ಮನಸ್ಸಿಗೆ ಧಾರವಾಡದ ದೀಪ ಹಚ್ಚುವ ಹೊತ್ತು ಬಂದಿದೆ. ಇಲ್ಲಿ ಜೂನ್ 21ರ ಆಚೀಚೆ ಸೂರ್ಯ ಮುಳುಗುವುದು ರಾತ್ರಿ 9 ಗಂಟೆ 20 ನಿಮಿಷಕ್ಕೆ. ಹಗಲು ಹದಿನಾರೂವರೆ ತಾಸು. ಅದನ್ನು ನಾಲ್ಕು ಪ್ರಹರವಾಗಿ ಹಂಚಿದರೆ ಒಂದೊಂದಕ್ಕೆ ನಾಲ್ಕು ತಾಸಿಗೂ ಹೆಚ್ಚು ಬರುತ್ತದೆ, ಏಳು ಗಂಟೆಗೆ ನೀನು ಇನ್ನೂ ಹಗಲಿನ ಕೊನೆಯ ಪ್ರಹರದ ನಡುವೆ ಇರುತ್ತೀ. ಅದು ಮುಲ್ತಾನಿಯ ಹೊತ್ತು, ಪಟದೀಪದ ಹೊತ್ತು. ವಿರಾಮದ ನಂತರ, ಎಂಟೂವರೆ ದಾಟಿದ ಮೇಲೆ ಮಾರವಾ, ಪೂರಿಯಾ, ಶ್ರೀ ಯಾವುದನ್ನಾದರೂ ಎತ್ತಿಕೋ.

ಡಿಸೆಂಬರಿನಲ್ಲಿ ಲೆಕ್ಕ ತಿರುಗುತ್ತದೆ. ಆಗ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯಾಸ್ತ. ರಾತ್ರಿಯ ಮೊದಲ ಪ್ರಹರ ಎಂಟರ ತನಕ ಹಿಗ್ಗುವುದರಿಂದ ಏಳಕ್ಕೆ ಯಮನ್ ಹಾಡಿದರೆ ಯಾವ ಆಕ್ಷೇಪವೂ ಇಲ್ಲ, ಹಗಲು ರಾತ್ರಿ ಕೂಡುವ ಹೊತ್ತಿನ, ಅಂದರೆ ಸಂಧಿಪ್ರಕಾಶದ ರಾಗಗಳಿಗೆ ಮಾತ್ರ ಸಂಜೆಯ ಕಛೇರಿಯಲ್ಲಿ ಜಾಗವೇ ಸಿಗುವುದಿಲ್ಲ. ಗಡಿಯಾರದ ಪ್ರಕಾರವೇ ಹಾಡಬೇಕು ಅನ್ನುವವರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಮಾರವಾದ ಕೋಮಲ ರಿಷಭ ಷಡ್ಜಕ್ಕೆ ಮರಳಲು ಹಿಂದೇಟು ಹಾಕುವುದು ಬೆಳಕು ಆರುವ ಹೊತ್ತಿನ ಸ್ವಭಾವ. ಕಿಟಕಿಯಿಲ್ಲದ ಸಭಾಂಗಣವಾದರೂ ಕೇಳುವವರು ಬಿಸಿಲಿನಿಂದಲೇ ಒಳಗೆ ಬಂದಿರುತ್ತಾರೆ.

ರಾಗ ಆರಿಸುವ ಮುನ್ನ ತಬಲಾದವರನ್ನು ವಿಚಾರಿಸು. ನಿನ್ನ ಷಡ್ಜ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ, ಕಪ್ಪು ನಾಲ್ಕು. ಆ ಷಡ್ಜಕ್ಕೆ ಕೂರುವ ತಬಲಾದ ಬಾಯಿ ಆರು ಇಂಚಿನ ಆಸುಪಾಸು ಇರಬೇಕು, ಅಂಥದ್ದು ಇಲ್ಲಿ ಎಲ್ಲರ ಬಳಿಯೂ ಇರುವುದಿಲ್ಲ. ಗಂಡಸರ ಜೊತೆ ನುಡಿಸಿ ರೂಢಿಯಾದವರು ಕಪ್ಪು ಒಂದಕ್ಕೆ ಕೂಡಿಸಿದ್ದನ್ನೇ ತರುತ್ತಾರೆ. ಅದು ನಿನಗೆ ಶುದ್ಧ ಮಧ್ಯಮ. ಮಾಲಕಂಸ ಹಾಡಿದರೆ ಚೆಂದವಾಗಿ ಹೊಂದುತ್ತದೆ, ಬಾಗೇಶ್ರೀಗೂ ಸರಿ. ಮಾರವಾದಲ್ಲಿ ಶುದ್ಧ ಮಧ್ಯಮವೂ ಇಲ್ಲ, ಪಂಚಮವೂ ಇಲ್ಲ, ಹಾಗಾಗಿ ಪ್ರತಿ ಪೆಟ್ಟೂ ರಾಗದ ಹೊರಗೆ ಬೀಳುತ್ತದೆ. ದೊಡ್ಡ ಬಾಯಿಯ ತಬಲಾ ಸಿಗದಿದ್ದರೆ ಮಾರವಾದ ಆಸೆ ಬಿಟ್ಟು ಶ್ರೀ ಹಾಡು. ಅದರಲ್ಲಿ ಪಂಚಮ ಗಟ್ಟಿಯಾಗಿದೆ, ತಬಲಾವನ್ನು ಕಪ್ಪು ಎರಡಕ್ಕೆ ಏರಿಸಿದರೆ ಸಾಕು. ಇದನ್ನೆಲ್ಲ ಹದಿನೈದು ದಿನ ಮೊದಲೇ ಫೋನಿನಲ್ಲಿ ಮಾತಾಡಿಕೋ, ವೇದಿಕೆಯ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಅಜ್ಜನ ಕಾಲದ ತಂಬೂರಿಯನ್ನು ತರಬೇಡ. ಅದರ ಕುಸುರಿಯಲ್ಲಿ ದಂತವಿದೆ, ಪರವಾನಗಿ ಇಲ್ಲದೆ ಕಸ್ಟಮ್ಸ್‌ನಲ್ಲಿ ಸಿಕ್ಕಿದರೆ ಜಪ್ತಿ ಆಗುತ್ತದೆ. ಮೀರಜಿನಿಂದ ತರಿಸಿದ್ದನ್ನೇ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ತಾ. ತಂತಿಗಳನ್ನು ಎರಡು ಮೂರು ಸ್ವರದಷ್ಟು ಇಳಿಸು, ಪೂರ್ತಿ ಸಡಿಲಿಸಬೇಡ. ಪೂರ್ತಿ ಸಡಿಲಾದರೆ ತಂತಿಗಳನ್ನು ಹೊತ್ತ ಕುದುರೆ ಜಾರಿ, ನಾದಕ್ಕೆ ಝೇಂಕಾರ ಕೊಡುವ ಜವಾರಿ ಕೂರಿಸಿದ ಜಾಗವೇ ತಪ್ಪಿಹೋಗುತ್ತದೆ. ಅದಕ್ಕೇ ಹೊರಡುವ ಮುನ್ನ ಕುದುರೆಯ ಸುತ್ತ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದಿಡು. ಬುರುಡೆಯ ಸುತ್ತ ಸೀರೆಗಳನ್ನು ಒತ್ತಾಗಿ ತುಂಬು. ನಡುವಿನ ಜೋಡಿಗೆ ಉಕ್ಕಿನ ತಂತಿ, ಕೆಳಗಿನ ಷಡ್ಜವಾದ ಖರ್ಜಕ್ಕೆ ಹಿತ್ತಾಳೆಯದು, ಒಂದೊಂದು ಜೊತೆ ಹೆಚ್ಚಿಗೆ ಇರಲಿ. ಜವಾರಿಗೆ ಹತ್ತಿಯ ದಾರ, ಬಿರಡೆಗೆ ಸೀಮೆಸುಣ್ಣ ಮರೆಯಬೇಡ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿ ಮರ ಕುಗ್ಗುತ್ತದೆ, ಬಿರಡೆ ಜಾರುತ್ತದೆ, ಕೆಲವೊಮ್ಮೆ ಮೇಲಿನ ಹಲಗೆಯೇ ಬಿರುಕು ಬಿಡುತ್ತದೆ. ಜೂನಿನಲ್ಲಿ ಆ ಭಯ ಕಡಿಮೆ.

ಎಲೆಕ್ಟ್ರಾನಿಕ್ ತಂಬೂರಿ ಕೈಚೀಲದಲ್ಲಿರಲಿ. ಇಲ್ಲೂ 230 ವೋಲ್ಟ್, ಮೂರು ಚಪ್ಪಟೆ ಕಡ್ಡಿಯ ಪ್ಲಗ್ ಮಾತ್ರ ಬೇಕು. ಅಮೆರಿಕಕ್ಕೆ ಮುಂದುವರಿಯುವುದಾದರೆ ಅಲ್ಲಿ 120 ವೋಲ್ಟ್, ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ ನೋಡು. 1979ರಲ್ಲಿ ನಮ್ಮ ಬೆಂಗಳೂರಿನ ರಾಜ್ ನಾರಾಯಣ್ ಅವರು ಆ ಪೆಟ್ಟಿಗೆಯನ್ನು ರೂಪಿಸಿದ್ದರಿಂದ ದೂರದೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಶ್ರುತಿ ಹಿಡಿದು ಕಲಿಯುವಂತಾಯಿತು. ಅಭ್ಯಾಸಕ್ಕೆ ಅದು ಸಾಕು. ಕಛೇರಿಗೆ ಅದರ ಜೊತೆ ನಿಜವಾದ ತಂಬೂರಿ ಒಂದಾದರೂ ಹಿಂದೆ ಇರಲೇಬೇಕು.

ವೇದಿಕೆಗೆ ಒಂದು ತಾಸು ಮೊದಲೇ ಹೋಗಿ, ದೀಪಗಳನ್ನೆಲ್ಲ ಹಚ್ಚಿಸಿ, ಆ ಬಿಸಿಯಲ್ಲೇ ಶ್ರುತಿ ಮಾಡು. ಬಿಸಿಗೆ ತಂತಿ ಹಿಗ್ಗಿ ತಂಬೂರಿ ಇಳಿಯುತ್ತದೆ, ತಬಲಾದ ಚರ್ಮ ಒಣಗಿ ಬಿಗಿದು ಏರುತ್ತದೆ. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗುವುದರಿಂದ ತಂಪಿನಲ್ಲಿ ಎಷ್ಟು ಚೆನ್ನಾಗಿ ಕೂಡಿಸಿದರೂ ನಿಧಾನ ಲಯದ ವಿಲಂಬಿತದ ನಡುವೆ ಕೆಡುತ್ತದೆ. ಧ್ವನಿವರ್ಧಕದವರಿಗೆ ಎಕೋ ಹಾಕಬೇಡಿ ಎಂದು ಮೊದಲೇ ಹೇಳು. ಹಾಕಿದರೆ ಹಿಂದಿನ ಸ್ವರ ಮುಂದಿನದರ ಮೇಲೆ ಹರಡಿ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಕೇಳಿಸುವುದೇ ಇಲ್ಲ.

ಇನ್ನು ಇಲ್ಲಿಯವರ ರುಚಿಯ ವಿಷಯ. ನಡುವೆ ಯಾರೂ ‘ಕ್ಯಾ ಬಾತ್ ಹೈ’ ಅನ್ನುವುದಿಲ್ಲ. ಅದನ್ನು ಬೇಸರವೆಂದು ತಿಳಿದು ಎಷ್ಟೋ ಗಾಯಕರು ಇಪ್ಪತ್ತು ನಿಮಿಷಕ್ಕೇ ವಿಲಂಬಿತ ಮುಗಿಸಿ ವೇಗದ ದ್ರುತಕ್ಕೆ ಓಡುತ್ತಾರೆ. ಆಮೇಲಿನ ತಾನಗಳಿಗೆ ನಿಲ್ಲಲು ನೆಲವಿರುವುದಿಲ್ಲ, ಕೇಳಿದವರ ನೆನಪಿನಲ್ಲಿ ವೇಗವೊಂದೇ ಉಳಿಯುತ್ತದೆ. ಮೌನವಾಗಿ ಕೂತು ಕೇಳುವುದು ಇವರ ಪದ್ಧತಿ. ಆಲಾಪವನ್ನು ಇವರು ನಮ್ಮೂರಿನವರಷ್ಟೇ ತಾಳ್ಮೆಯಿಂದ ಕೇಳುತ್ತಾರೆ, ಏಕೆಂದರೆ ಅದಕ್ಕೆ ಕಿವಿಯೊಂದೇ ಸಾಕು, ಲೆಕ್ಕ ಬೇಕಿಲ್ಲ. ಕಷ್ಟವಿರುವುದು ತಾಳದ ಮೊದಲ ಮಾತ್ರೆ, ಸಮ್ ಹಿಡಿಯುವಲ್ಲಿ. ತಬಲಾದ ಠೇಕಾ, ಅಂದರೆ ತಾಳದ ಬೋಲು ಗೊತ್ತಿಲ್ಲದವರಿಗೆ ಲಯದ ಆಟವಾದ ಲಯಕಾರಿಯ ಸುಖ ಅರ್ಧಕ್ಕರ್ಧ ದಕ್ಕುವುದಿಲ್ಲ. ಶುರುವಿನ ಎರಡು ಮೂರು ಆವರ್ತನಗಳಲ್ಲಿ ಸಮ್‌ಗೆ ಬಂದು ಸೇರುವ ಮುಖಡಾವನ್ನು ಬದಲಿಸದೆ ಒಂದೇ ರೀತಿ ತಂದು, ಕೈಯಿಂದ ಸಮ್ ತೋರಿಸಿಬಿಡು. ಅಷ್ಟಾದರೆ ಸಭೆಯ ತಲೆಗಳು ತಾವೇ ತೂಗುತ್ತವೆ.

ಮಲ್ಲಿಕಾರ್ಜುನ ಮನ್ಸೂರರಿಂದ ಬಂದ, ಎರಡು ರಾಗ ಬೆಸೆದ ಜೋಡುರಾಗಗಳ ಮೇಲೆ ನಿನಗಿರುವ ಪ್ರೀತಿ ನನಗೆ ಗೊತ್ತು. ಆದರೆ ಬಸಂತವನ್ನೂ ಕೇದಾರವನ್ನೂ ಬೇರೆ ಬೇರೆಯಾಗಿ ಕೇಳಿರದವರಿಗೆ ಬಸಂತಿ ಕೇದಾರದ ಬೆಸುಗೆ ಹೇಗೆ ತಿಳಿಯಬೇಕು? ಅದನ್ನು ಮನೆಯ ಬೈಠಕ್ಕಿಗೆ ಇಟ್ಟುಕೋ. ಅಲ್ಲಿಗೆ ಬರುವ ಮರಾಠಿ, ಬಂಗಾಳಿ ಹಿರಿಯರು ಪಳಗಿದ ಕೇಳುಗರು.

ಕನ್ನಡದವರ ಕೂಟದಲ್ಲಿ ವಚನ, ದಾಸರ ಪದ ಕೇಳಿಯೇ ಕೇಳುತ್ತಾರೆ. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾದ ಊರಿದು. ಅವನ್ನು ಕೊನೆಯ ಐದು ನಿಮಿಷಕ್ಕೆ ತಳ್ಳಬೇಡ. ಅರ್ಧ ತಾಸು ಖಯಾಲ್ ಹಾಡಿ, ಅದೇ ರಾಗದ ನೆರಳಿನಲ್ಲಿ ವಚನ ಎತ್ತಿಕೊಂಡರೆ ಖಯಾಲ್ ಬೇಡವೆಂದವರೂ ಹಿಂದಿನದನ್ನು ನೆನೆದು ಕೇಳುತ್ತಾರೆ. ಮಾತುಗಳನ್ನು ತಾನದಲ್ಲಿ ಒಡೆಯಬೇಡ. ಇಲ್ಲಿ ಬೆಳೆದ ಮಕ್ಕಳಿಗಾಗಿ ಎರಡು ವಾಕ್ಯದಲ್ಲಿ ಅರ್ಥ ಹೇಳು. ಊಟ ಕಛೇರಿಯ ನಂತರವೇ ಇರಲಿ ಎಂದು ಸಂಘಟಕರಿಗೆ ನಾನೇ ಹೇಳುತ್ತೇನೆ.

ವಿಮಾನದೊಳಗಿನ ಗಾಳಿ ತೀರ ಒಣ. ತಾಸಿಗೊಮ್ಮೆ ನೀರು ಕುಡಿ, ಮಾತು ಕಡಿಮೆ ಮಾಡು. ಇಳಿದ ಮರುದಿನ ಖರ್ಜದ ರಿಯಾಜ್ ಮಾತ್ರ, ತಾರ ಷಡ್ಜ ಮುಟ್ಟಬೇಡ. ಕಛೇರಿಗೆ ಮೂರು ದಿನ ಮೊದಲೇ ಬರುವ ಹಾಗೆ ಟಿಕೆಟ್ ಮಾಡಿಸು.

ರಾಗಗಳ ಪಟ್ಟಿಯನ್ನು ಈ ವಾರವೇ ಕಳಿಸು, ತಬಲಾದವರಿಗೆ ತಿಳಿಸಬೇಕು. ಅಪ್ಪ, ಅವ್ವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಕ್ಕ